ಒಬ್ಬರ ಖಾತೆಯ ಫೈಲ್‌ಗಳು ಇನ್ನೊಬ್ಬರಿಗೆ ಕಾಣುತ್ತಿವೆ: ಇದು ಭದ್ರತಾ ಲೋಪವೇ, ಬರೀ ಸೆಟ್ಟಿಂಗ್ ವಿಷಯವೇ?

ಗಣಕಪಾಲಕಿ

ಹಲವರು ಸರದಿಯಲ್ಲಿ ಬಳಸುವ ಇಪ್ಪತ್ತು ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಒಂದು ವಿತರಣೆ) ಗಣಕಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದೊಂದರಲ್ಲೂ ಹತ್ತಾರು ಜನರ ಖಾತೆಗಳಿವೆ. ಕಳೆದ ವಾರ ಒಬ್ಬರು ಪಾಸ್‌ವರ್ಡ್ ಮರೆತು ಬಂದರು. ಅದನ್ನು ಬದಲಿಸಿಕೊಟ್ಟ ಮೇಲೆ, ಬೇರೆ ಏನೋ ಪರೀಕ್ಷಿಸಲೆಂದು ಅಡ್ಮಿನ್ ಹಕ್ಕಿಲ್ಲದ ಒಂದು ಸಾಧಾರಣ ಖಾತೆಯಿಂದ ಲಾಗಿನ್ ಆದೆ. ಆ ಖಾತೆಯ ಸ್ವಂತ ಫೈಲ್‌ಗಳಿರುವ ಹೋಮ್ ಫೋಲ್ಡರಿನ ಒಂದು ಮೆಟ್ಟಿಲು ಮೇಲೆ ಹೋದರೆ ಎಲ್ಲರ ಹೆಸರಿನ ಫೋಲ್ಡರ್‌ಗಳೂ ಸಾಲಾಗಿ ಕಂಡವು. ಹೆಸರು ಕಾಣುವುದು ಸಹಜ. ಒಂದರ ಮೇಲೆ ಕ್ಲಿಕ್ ಮಾಡಿದೆ, ತೆರೆದುಕೊಂಡಿತು. ಒಳಗೆ ‘ಟಿಪ್ಪಣಿ’ ಎಂಬ ಫೈಲ್ ಇತ್ತು, ಅದೂ ತೆರೆದುಕೊಂಡಿತು. ಮೂರನೆಯ ಸಾಲಿನಲ್ಲಿ ಒಂದು ಡೇಟಾಬೇಸಿನ ಬಳಕೆದಾರ ಹೆಸರು, ಪಕ್ಕದಲ್ಲಿ ಅದರ ಪಾಸ್‌ವರ್ಡ್. ಕೂಡಲೇ ಮುಚ್ಚಿದೆ.

ಅನುಮತಿ ಪರೀಕ್ಷಿಸಿದೆ. ಹಳೆಯ ಖಾತೆಗಳ ಹೋಮ್ ಫೋಲ್ಡರ್‌ಗಳೆಲ್ಲ 755, ಇತ್ತೀಚಿನ ಖಾತೆಗಳು 750. ಗೊತ್ತಿಲ್ಲದವರಿಗಾಗಿ: ಮೊದಲ ಅಂಕಿ ಒಡೆಯನಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಗಣಕದಲ್ಲಿ ಖಾತೆ ಇರುವ ಉಳಿದೆಲ್ಲರಿಗೆ. 7 ಎಂದರೆ ಪೂರ್ಣ ಹಕ್ಕು, 0 ಎಂದರೆ ಯಾವ ಹಕ್ಕೂ ಇಲ್ಲ. ಮೂರನೆಯದು 5 ಆಗಿದ್ದರೆ ಯಾರು ಬೇಕಾದರೂ ಒಳಗೆ ಹೋಗಿ ಪಟ್ಟಿ ನೋಡಬಹುದು. ಒಳಗಿನ ಸಾಮಾನ್ಯ ಫೈಲ್‌ಗಳಿಗೂ ಎಲ್ಲರೂ ಓದುವ ಅನುಮತಿಯೇ ಇರುವುದರಿಂದ ಅವನ್ನೂ ಓದಬಹುದು.

ಮೇಲಧಿಕಾರಿಗೆ ಬರೆದೆ. ‘ಇದು ಮೊದಲಿನಿಂದಲೂ ಇರುವ ಪೂರ್ವನಿಯೋಜಿತ ಸೆಟ್ಟಿಂಗ್, ಭದ್ರತಾ ಲೋಪವಲ್ಲ. ಗಣಕದ ಮುಂದೆ ಕುಳಿತವರಿಗೆ ಮಾತ್ರ ಸಾಧ್ಯ’ ಎಂಬ ಉತ್ತರ ಬಂತು. ನನಗೆ ಒಪ್ಪಿಗೆಯಾಗುತ್ತಿಲ್ಲ, ಆದರೆ ವಾದಿಸಲು ಸರಿಯಾದ ಮಾತುಗಳೂ ಸಿಗುತ್ತಿಲ್ಲ. ತಿಳಿದವರು ಹೇಳಿ.

ಹಳೆಯ ಕೀಲಿ

ನಿಮ್ಮ ಮೇಲಧಿಕಾರಿ ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಭದ್ರತಾ ಲೋಪ ಎಂದರೆ ವ್ಯವಸ್ಥೆ ತಾನು ಕೊಟ್ಟ ಮಾತನ್ನು ಮುರಿಯುವುದು. ಇಲ್ಲಿ ಯಾವ ಮಾತೂ ಮುರಿದಿಲ್ಲ. 755 ಎಂದರೆ ಎಲ್ಲರೂ ಓದಬಹುದು ಎಂದರ್ಥ, ಎಲ್ಲರೂ ಓದಿದರು. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಹೇಳಿದಂತೆಯೇ ನಡೆದುಕೊಂಡಿದೆ.

ಇದು ಯಾರ ಕಣ್ಣಿಗೂ ಬೀಳದೆ ಉಳಿದ ವಿಷಯವೂ ಅಲ್ಲ. ಹೋಮ್ ಫೋಲ್ಡರ್ ಇಷ್ಟು ತೆರೆದಿರಬಾರದು ಎಂದು ಉಬುಂಟುವಿಗೆ 2006ರಲ್ಲೇ ದೂರು ಹೋಗಿತ್ತು. ಗಣಕವನ್ನು ಒಬ್ಬರೇ ಬಳಸುತ್ತಾರೆ, ಇಲ್ಲವೇ ಪರಸ್ಪರ ನಂಬಿಕೆಯಿರುವ ಮನೆಯವರು, ಸ್ನೇಹಿತರು ಬಳಸುತ್ತಾರೆ, ಅವರಿಗೆ ಫೈಲ್ ಹಂಚಿಕೊಳ್ಳಲು ಸುಲಭವಾಗಿರಲಿ ಎಂಬುದು ಆಗಿನ ಲೆಕ್ಕಾಚಾರ. ಬಹುಕಾಲ ಹಾಗೆಯೇ ನಡೆಯಿತು. 2021ರ ಏಪ್ರಿಲ್‌ನಲ್ಲಿ ಬಂದ 21.04 ಆವೃತ್ತಿಯಿಂದ ಹೊಸ ಹೋಮ್ ಫೋಲ್ಡರ್‌ಗಳು 750 ಆಗಿ ಹುಟ್ಟುತ್ತವೆ. ಹಳೆಯವನ್ನು ಅಪ್‌ಗ್ರೇಡ್ ಮುಟ್ಟುವುದಿಲ್ಲ. ನಿಮ್ಮಲ್ಲಿ ಎರಡೂ ಬಗೆ ಕಾಣುತ್ತಿರುವುದು ಅದಕ್ಕೇ.

ಇನ್ನೊಂದು ಮಾತು. ನಿಜವಾದ ಗುಟ್ಟುಗಳಿಗೆ ತಂತ್ರಾಂಶಗಳೇ ಬೀಗ ಹಾಕಿಕೊಂಡಿರುತ್ತವೆ. ದೂರದ ಗಣಕಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಖಾಸಗಿ ಕೀಲಿಯ ಅನುಮತಿ ಸಡಿಲವಾಗಿದ್ದರೆ ಆ ಪ್ರೋಗ್ರಾಂ ಅದನ್ನು ಬಳಸಲು ಒಪ್ಪುವುದೇ ಇಲ್ಲ. ಫೈರ್‌ಫಾಕ್ಸ್ ತನ್ನ ಫೋಲ್ಡರನ್ನು 700ರಲ್ಲಿ ಇಟ್ಟುಕೊಳ್ಳುತ್ತದೆ. ಪಾಸ್‌ವರ್ಡನ್ನು ಟಿಪ್ಪಣಿಯಲ್ಲಿ ಬರೆದಿಟ್ಟವರ ತಪ್ಪನ್ನು ಆಪರೇಟಿಂಗ್ ಸಿಸ್ಟಂ ತಲೆಗೆ ಕಟ್ಟಬೇಡಿ.

ಮುಂದೆ ಕುಳಿತವರ ಮಾತಿಗೆ ಬಂದರೆ, ಯಾವ ಬಿಗಿಯೂ ಮಾಡದ ಉಬುಂಟು ಗಣಕವನ್ನು ರೀಬೂಟ್ ಮಾಡಿ ಗಣಕ ಶುರುವಾಗುವಾಗ ಬರುವ ಗ್ರಬ್ ಮೆನುವಿನಿಂದ ರಿಕವರಿ ಮೋಡ್‌ಗೆ ಹೋದರೆ ಪಾಸ್‌ವರ್ಡ್ ಇಲ್ಲದೆಯೇ ರೂಟ್ ಶೆಲ್, ಅಂದರೆ ಎಲ್ಲ ಹಕ್ಕೂ ಇರುವ ರೂಟ್ ಖಾತೆಯಲ್ಲಿ ಆಜ್ಞೆ ಕೊಡುವ ಪರದೆ, ಸಿಗುತ್ತದೆ. ಅಷ್ಟು ಮಾಡಬಲ್ಲವನಿಗೆ 755 ಆದರೇನು, 700 ಆದರೇನು?

ಬೀಗಮುದ್ರೆ

ಹಳೆಯ ಕೀಲಿಯವರ ಅನುಭವದ ಮೇಲೆ ನನಗೆ ಗೌರವವಿದೆ. ಆದರೆ ‘ಮುಂದೆ ಕುಳಿತವರಿಗೆ ಮಾತ್ರ’ ಎಂಬ ಮಾತನ್ನು ಒಪ್ಪಲಾರೆ. ನನ್ನ ಕೆಲಸವೇ ವ್ಯವಸ್ಥೆಗಳನ್ನು ಪರೀಕ್ಷಿಸುವುದು. ಈ ಮಾತು ಹೇಳಿ ಮುಚ್ಚಿಟ್ಟ ಎಷ್ಟೋ ವರದಿಗಳನ್ನು ನೋಡಿದ್ದೇನೆ.

ಎರಡು ಸಂಗತಿಗಳನ್ನು ಬೇರೆ ಬೇರೆ ಮಾಡಿ ನೋಡಿ. ಯಂತ್ರವನ್ನು ಕೈಯಲ್ಲಿ ಹಿಡಿದು ರೀಬೂಟ್ ಮಾಡಬಲ್ಲವನು ಒಬ್ಬ. ಆ ಯಂತ್ರದಲ್ಲಿ ಒಂದು ಸಾಧಾರಣ ಖಾತೆಯ ಹೆಸರಿನಲ್ಲಿ ಕೆಲಸ ನಡೆಸಬಲ್ಲವನು ಇನ್ನೊಬ್ಬ. ಎರಡನೆಯವನು ಖಂಡಾಂತರದಲ್ಲಿ ಕುಳಿತಿರಬಹುದು. ವೆಬ್ ಸರ್ವರ್ ನಡೆಯುವುದೂ ಒಂದು ಖಾತೆಯಲ್ಲಿಯೇ, ಉಬುಂಟುವಿನಲ್ಲಿ ಅದರ ಹೆಸರು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ಆ ಗಣಕದಲ್ಲಿ ಒಂದು ಪುಟ್ಟ ಜಾಲತಾಣವಿದ್ದು, ಅದರ ಕೋಡ್‌ನಲ್ಲಿ ಬೇಡದ ಫೈಲನ್ನು ಓದಿಸಿಬಿಡುವ ತಪ್ಪೊಂದು ಇದ್ದರೆ, ದೂರದಲ್ಲಿರುವವನು ಆ ಖಾತೆಯ ಕಣ್ಣಿನಿಂದ ನೋಡುತ್ತಾನೆ. 755 ಇರುವ ಪ್ರತಿ ಹೋಮ್ ಫೋಲ್ಡರ್ ಅವನಿಗೂ ತೆರೆದೇ ಇದೆ. ಅವನಿಗೆ ರಿಕವರಿ ಮೋಡ್ ಇಲ್ಲ, ಕೀಬೋರ್ಡ್ ಇಲ್ಲ. ಅವನನ್ನು ತಡೆಯುವುದು ಈ ಅನುಮತಿಯ ಗೋಡೆ ಮಾತ್ರ.

ಬಳಕೆದಾರ ಖಾತೆ ಎಂಬ ಏರ್ಪಾಟು ಹುಟ್ಟಿದ್ದೇ ಒಳಗೆ ಬಂದವರನ್ನು ಒಬ್ಬರಿಂದೊಬ್ಬರು ಬೇರೆಯಾಗಿಡಲು. ತಲೆಬಾಗಿಲು ದಾಟಿದವರ ಲೆಕ್ಕವೇ ಬೇಡ ಎನ್ನುವುದಾದರೆ ಕೋಣೆಗಳಿಗೆ ಬಾಗಿಲಿಡುವ ಅಗತ್ಯವೇ ಇರಲಿಲ್ಲ.

ಒಂಟಿ ಬಳಕೆದಾರ

ನಾನು ಈ ಕ್ಷೇತ್ರದವನಲ್ಲ. ನನ್ನ ಲ್ಯಾಪ್‌ಟಾಪ್ ಬಳಸುವವನು ನಾನೊಬ್ಬನೇ, ಒಂದೇ ಖಾತೆ ಇರುವುದು. ನನಗೂ ಇದು ಸಂಬಂಧಿಸುತ್ತದೆಯೇ?

ಬೀಗಮುದ್ರೆ

ನೀವು ಲಾಗಿನ್ ಆಗುವ ಖಾತೆ ಒಂದೇ ಇರಬಹುದು. ಯಂತ್ರದಲ್ಲಿ ಇರುವುದು ಒಂದೇ ಅಲ್ಲ. ಲಿನಕ್ಸ್ ಆಗಿದ್ದರೆ ಖಾತೆಗಳ ಪಟ್ಟಿ ಇರುವ ಫೈಲನ್ನು ಒಮ್ಮೆ ತೆರೆದು ನೋಡಿ, ಹತ್ತಾರು ಹೆಸರುಗಳು ಕಾಣುತ್ತವೆ. ಮುದ್ರಣಕ್ಕೊಂದು, ಜಾಲ ಸಂಪರ್ಕಕ್ಕೊಂದು, ಸಮಯ ಹೊಂದಿಸಲು ಒಂದು. ಅವು ಮನುಷ್ಯರ ಖಾತೆಗಳಲ್ಲ, ಸೇವೆಗಳ ಖಾತೆಗಳು. ಮುದ್ರಣದ ಪ್ರೋಗ್ರಾಂ ಕೆಟ್ಟವರ ಕೈಗೆ ಸಿಕ್ಕರೂ ನಿಮ್ಮ ಪತ್ರಗಳವರೆಗೆ ಕೈ ಚಾಚಬಾರದು ಎಂದು ಹಾಗೆ ಬೇರ್ಪಡಿಸಿದ್ದಾರೆ.

ಹಾಗೆಂದು ಗಾಬರಿಯಾಗಬೇಕಿಲ್ಲ. ನಿಮ್ಮ ಮಟ್ಟಿಗೆ ಅಪ್‌ಡೇಟ್‌ಗಳನ್ನು ಮುಂದೂಡದಿರುವುದು, ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಟ್ಟಿರುವುದು, ಇವೆರಡೇ ದೊಡ್ಡ ಕೆಲಸ.

ಸಂಕಲಕ

ತಂತ್ರಾಂಶ ಬರೆಯುವವನಾಗಿ ಒಂದು ಹಳೆಯ ಜಗಳವನ್ನು ನೆನಪಿಸುತ್ತೇನೆ. ‘ಇದು ಲೋಪವೇ ಅಲ್ಲ’ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಬಹಳಷ್ಟು ಲಿನಕ್ಸ್ ವಿತರಣೆಗಳಲ್ಲಿ ಸೇವೆಗಳನ್ನು ಶುರು ಮಾಡುವುದು ಸಿಸ್ಟಂಡಿ. ಒಂದು ಸೇವೆ ಯಾವ ಖಾತೆಯಲ್ಲಿ ನಡೆಯಬೇಕು ಎಂದು ಅದರ ಸಂರಚನಾ ಫೈಲಿನಲ್ಲಿ ಬರೆಯುತ್ತೇವೆ. 2017ರಲ್ಲಿ ಒಬ್ಬರು ಅಂಕಿಯಿಂದ ಶುರುವಾಗುವ ಖಾತೆಯ ಹೆಸರನ್ನು, ‘0ಡೇ’ ಎಂಬುದನ್ನು, ಅಲ್ಲಿ ಬರೆದರು. ಅಂಕಿಯಿಂದ ಶುರುವಾಗುವ ಹೆಸರು ಸಿಸ್ಟಂಡಿಯ ನಿಯಮದ ಪ್ರಕಾರ ಸಲ್ಲದು, ಕೆಲವು ವಿತರಣೆಗಳಲ್ಲಿ ಸಲ್ಲುತ್ತದೆ. ಹೆಸರು ಸಲ್ಲದು ಎಂದಾದಾಗ ಸಿಸ್ಟಂಡಿ ಏನು ಮಾಡಬೇಕಿತ್ತು? ಸೇವೆಯನ್ನು ಶುರು ಮಾಡದೆ ನಿಲ್ಲಿಸಬೇಕಿತ್ತು. ಅದು ಲಾಗ್‌ನಲ್ಲಿ ಎಚ್ಚರಿಕೆಯ ಒಂದು ಸಾಲು ಬರೆದು ಆ ಸೂಚನೆಯನ್ನೇ ಕೈಬಿಟ್ಟಿತು. ಖಾತೆ ಹೇಳದ ಸೇವೆ ರೂಟ್ ಆಗಿ ನಡೆಯುತ್ತದೆ. ಅಂದರೆ, ಹಕ್ಕು ಕಡಿಮೆ ಮಾಡಲೆಂದು ಬರೆದ ಸಾಲಿನಿಂದಲೇ ಪೂರ್ಣ ಹಕ್ಕು ಸಿಕ್ಕಿತು.

ದೂರು ಬಂದಾಗ ಮುಖ್ಯ ಅಭಿವರ್ಧಕ ಲೆನ್ನಾರ್ಟ್ ಪೊಟರಿಂಗ್ ಅದು ದೋಷವಲ್ಲ ಎಂದು ಮುಚ್ಚಿದರು. ಅವರ ನಿಲುವಿನಲ್ಲಿ ತರ್ಕವಿಲ್ಲದೆ ಇರಲಿಲ್ಲ: ಆ ಫೈಲನ್ನು ಬರೆಯುವವನೇ ಅಡ್ಮಿನ್, ಅವನ ಬಳಿ ರೂಟ್ ಹಕ್ಕು ಆಗಲೇ ಇದೆ. ಆದರೂ ಕೊನೆಗೆ ಅದಕ್ಕೆ ಸಿವಿಇ-2017-1000082 ಎಂಬ ಲೋಪ ಸಂಖ್ಯೆ ಸಿಕ್ಕಿತು, ಸಲ್ಲದ ಹೆಸರು ಕಂಡರೆ ಸೇವೆಯನ್ನು ನಿಲ್ಲಿಸುವಂತೆ ಕೋಡ್ ಬದಲಾಯಿತು.

ನನ್ನ ಅಳತೆಗೋಲು ಅಲ್ಲಿಂದ ಬಂದದ್ದು. ಅಡ್ಮಿನ್ ಏನೆಂದುಕೊಂಡಿದ್ದಾನೋ ಅದಕ್ಕೆ ವಿರುದ್ಧವಾಗಿ ಹಕ್ಕು ಹೆಚ್ಚಾದರೆ ಅದು ಭದ್ರತೆಯ ವಿಷಯ. ಕೋಡ್ ಬರೆದಂತೆಯೇ ನಡೆಯಿತು ಎಂಬುದು ಉತ್ತರವಾಗುವುದಿಲ್ಲ. ಅನುಮಾನ ಬಂದಾಗ ಬಾಗಿಲು ಮುಚ್ಚಿಯೇ ಇರಬೇಕು ಎಂಬ ನಿಯಮವನ್ನು ಗಣಕ ಭದ್ರತೆಯ ಸಂಶೋಧಕರಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿಟ್ಟಿದ್ದಾರೆ.

ಹಳೆಯ ಕೀಲಿ

ಸಂಕಲಕ ಅವರೇ, ನಿಮ್ಮ ಉದಾಹರಣೆ ಚೆನ್ನಾಗಿದೆ, ಆದರೆ ಅದು ನನ್ನ ವಾದಕ್ಕೂ ಒದಗುತ್ತದೆ. ಆ ಲೋಪದಿಂದ ಹಾನಿಯಾಗಲು ಎಷ್ಟು ಶರತ್ತುಗಳು ಕೂಡಿಬರಬೇಕು ನೋಡಿ. ವಿಚಿತ್ರ ಹೆಸರಿನ ಖಾತೆ ಇರಬೇಕು, ಅಡ್ಮಿನ್ ಅದನ್ನು ಸೇವೆಗೆ ಕೊಡಬೇಕು, ಎಚ್ಚರಿಕೆಯ ಸಾಲನ್ನು ಯಾರೂ ಓದಬಾರದು. ನಾನು ಅಪಾಯವೇ ಇಲ್ಲ ಎನ್ನುತ್ತಿಲ್ಲ. ಎಲ್ಲವನ್ನೂ ಒಂದೇ ದನಿಯಲ್ಲಿ ಕೂಗಿದರೆ ನಿಜವಾದ ಕೂಗು ಯಾರಿಗೂ ಕೇಳಿಸುವುದಿಲ್ಲ ಎನ್ನುತ್ತಿದ್ದೇನೆ. ಇಪ್ಪತ್ತು ಗಣಕ ನೋಡಿಕೊಳ್ಳುವ ಒಬ್ಬರ ಬಳಿ ದಿನಕ್ಕೆ ಇರುವುದು ಅಷ್ಟೇ ಗಂಟೆಗಳು.

ಆಪಲ್ ಗಣಕಗಳ ಮ್ಯಾಕ್‌ಒಎಸ್‌ನಲ್ಲಿ 2018ರ ಜನವರಿಯಲ್ಲಿ ಒಂದು ಗದ್ದಲ ಎದ್ದಿತ್ತು. 10.13.2 ಆವೃತ್ತಿಯಲ್ಲಿ ಆ್ಯಪ್ ಸ್ಟೋರ್ ಸೆಟ್ಟಿಂಗ್‌ನ ಬೀಗಕ್ಕೆ ಯಾವ ಪಾಸ್‌ವರ್ಡ್ ಕೊಟ್ಟರೂ ತೆರೆಯುತ್ತಿತ್ತು. ಕೇಳಲು ಭಯಂಕರ. ಆದರೆ ಅದು ನಡೆಯುತ್ತಿದ್ದುದು ಅಡ್ಮಿನ್ ಆಗಿ ಲಾಗಿನ್ ಆದವರಿಗೆ ಮಾತ್ರ, ಅಂಥವರಿಗೆ ಆ ಬೀಗ ಮೊದಲೇ ತೆರೆದಿರುತ್ತಿತ್ತು. ಲೋಪ ನಿಜ, 10.13.3ರಲ್ಲಿ ಸರಿಪಡಿಸಿದರು. ಅಪಾಯ ಎಷ್ಟಿತ್ತು? ನನ್ನ ಪ್ರಕಾರ ಬಹಳ ಸ್ವಲ್ಪ.

ಬೀಗಮುದ್ರೆ

ಆ ಒಂದಕ್ಕೆ ನಾನೂ ನಿಮ್ಮ ಪಕ್ಷ. ಆದರೆ ಅದಕ್ಕೆ ಸುಮಾರು ಒಂದೂವರೆ ತಿಂಗಳು ಮೊದಲು ಅದೇ ಹೈ ಸಿಯೆರಾದಲ್ಲಿ (ಮ್ಯಾಕ್‌ಒಎಸ್ 10.13ರ ಹೆಸರು) ಏನಾಗಿತ್ತು ಎಂಬುದನ್ನೂ ಹೇಳಬೇಕು, ಏಕೆಂದರೆ ಅದೂ ಬಳಕೆದಾರ ಖಾತೆಯದೇ ಲೋಪ. ಬಳಕೆದಾರ ಹೆಸರಿನ ಜಾಗದಲ್ಲಿ ‘ರೂಟ್’ ಎಂದು ಬರೆದು ಪಾಸ್‌ವರ್ಡ್ ಖಾಲಿ ಬಿಟ್ಟು ಒತ್ತಿದರೆ ಮೊದಲ ಸಲ ನಿರಾಕರಣೆ, ಮತ್ತೆ ಒತ್ತಿದರೆ ಪ್ರವೇಶ. 2017ರ ನವೆಂಬರ್ 28ರಂದು ಸುದ್ದಿ ಹರಡಿತು, ಮರುದಿನವೇ ಆಪಲ್ ತುರ್ತು ಅಪ್‌ಡೇಟ್ ಬಿಟ್ಟಿತು.

ಮೊದಲ ಸಲ ಏಕೆ ಆಗುತ್ತಿರಲಿಲ್ಲ, ಎರಡನೆಯ ಸಲ ಏಕೆ ಆಗುತ್ತಿತ್ತು ಎಂಬಲ್ಲಿಯೇ ಇದರ ತಿರುಳಿದೆ. ಮ್ಯಾಕ್‌ನಲ್ಲಿ ರೂಟ್ ಖಾತೆ ಪೂರ್ವನಿಯೋಜಿತವಾಗಿ ನಿಷ್ಕ್ರಿಯ, ಅದಕ್ಕೆ ಪಾಸ್‌ವರ್ಡಿನ ಹ್ಯಾಶ್ (ಪಾಸ್‌ವರ್ಡನ್ನು ತಾಳೆ ನೋಡಲು ಇಡುವ ಗೂಢ ರೂಪ) ಇರುವುದಿಲ್ಲ. ಹಳೆಯ ಬಗೆಯ ಹ್ಯಾಶ್ ಇರುವ ಖಾತೆಗಳನ್ನು ಹೊಸ ಬಗೆಗೆ ಏರಿಸುವ ಒಂದು ಕೋಡ್ ಅಲ್ಲಿತ್ತು. ಹ್ಯಾಶ್ ಇಲ್ಲದ ಖಾತೆಯ ಮೇಲೆ ಪರಿಶೀಲನೆ ಸೋತಾಗ ಆ ಸೋಲಿನ ಸಂಕೇತವನ್ನು ಅದು ಗೆಲುವು ಎಂದು ಓದಿಕೊಂಡಿತು, ಬಂದವರು ಕೊಟ್ಟ ಪಾಸ್‌ವರ್ಡನ್ನೇ ಹೊಸ ಪಾಸ್‌ವರ್ಡ್ ಆಗಿ ಬರೆದಿಟ್ಟಿತು. ಮೊದಲ ಒತ್ತು ರೂಟ್‌ಗೆ ಖಾಲಿ ಪಾಸ್‌ವರ್ಡ್ ಹಾಕಿತು, ಎರಡನೆಯದು ಅದರಿಂದಲೇ ಒಳಗೆ ಬಿಟ್ಟಿತು. ಬಾಗಿಲು ತಟ್ಟಿದವನ ಕೈಗೇ ಕೀಲಿ ಮಾಡಿಕೊಟ್ಟಂತಾಯಿತು.

ಆಗಲೂ ಹಲವರು ‘ಮುಂದೆ ಕುಳಿತರೆ ತಾನೆ’ ಎಂದರು. ಸ್ಕ್ರೀನ್ ಶೇರಿಂಗ್ ಚಾಲೂ ಇದ್ದ ಯಂತ್ರಗಳಲ್ಲಿ ದೂರದಿಂದಲೂ ಅದು ಕೆಲಸ ಮಾಡಿತು. ರೂಟ್ ಖಾತೆಯನ್ನು ಮತ್ತೆ ನಿಷ್ಕ್ರಿಯ ಮಾಡಿದವರ ಯಂತ್ರದಲ್ಲಿ ಲೋಪ ಮತ್ತೆ ಬಾಯಿ ತೆರೆಯುತ್ತಿತ್ತು. ಅಪ್‌ಡೇಟ್ ಬರುವವರೆಗೆ ರೂಟ್‌ಗೆ ಬಲವಾದ ಪಾಸ್‌ವರ್ಡ್ ಹಾಕುವುದೊಂದೇ ದಾರಿಯಾಗಿತ್ತು.

ಉಬುಂಟುವಿಗೇ ಬನ್ನಿ. 2020ರ ನವೆಂಬರ್‌ನಲ್ಲಿ ಗಿಟ್‌ಹಬ್‌ನ ಭದ್ರತಾ ಸಂಶೋಧಕರು ಪ್ರಕಟಿಸಿದ ಲೋಪ ಇದು. ಬಳಕೆದಾರ ಖಾತೆಗಳ ವಿವರ ಕೊಡುವ ಒಂದು ಹಿನ್ನೆಲೆ ಸೇವೆ ಇದೆ. ಸಾಧಾರಣ ಬಳಕೆದಾರನೊಬ್ಬ ತನ್ನ ಹೋಮ್ ಫೋಲ್ಡರಿನ ಒಂದು ಸಂರಚನಾ ಫೈಲನ್ನು ಎಂದಿಗೂ ಮುಗಿಯದ ಕಡೆಗೆ ತಿರುಗಿಸಿಟ್ಟರೆ ಆ ಸೇವೆ ಓದುತ್ತ ಓದುತ್ತ ಸಿಕ್ಕಿಹಾಕಿಕೊಳ್ಳುತ್ತಿತ್ತು. ಓದುವಾಗ ಅದು ತನ್ನ ಹಕ್ಕನ್ನು ಆ ಬಳಕೆದಾರನ ಮಟ್ಟಕ್ಕೆ ಇಳಿಸಿಕೊಳ್ಳುತ್ತಿದ್ದುದರಿಂದ ಅವನೇ ಅದನ್ನು ಕೆಡವಬಹುದಿತ್ತು. ಲಾಗ್‌ಔಟ್ ಆದ ಮೇಲೆ ಲಾಗಿನ್ ಪರದೆ ‘ಎಷ್ಟು ಖಾತೆಗಳಿವೆ?’ ಎಂದು ಸೇವೆಯನ್ನು ಕೇಳುತ್ತದೆ. ಸೇವೆ ಸತ್ತಿದೆ, ಉತ್ತರವಿಲ್ಲ. ಉತ್ತರ ಬಾರದಿದ್ದುದನ್ನು ಪರದೆ ‘ಖಾತೆಗಳೇ ಇಲ್ಲ, ಇದು ಹೊಸ ಗಣಕ’ ಎಂದು ತಿಳಿದುಕೊಂಡು ಹೊಸ ಅಡ್ಮಿನ್ ಖಾತೆ ತೆರೆಯಲು ಆಹ್ವಾನಿಸುತ್ತಿತ್ತು.

ಇದು ನಿಜವಾಗಿಯೂ ಯಂತ್ರದ ಮುಂದೆ ಕುಳಿತು ಮಾಡುವ ಕೆಲಸ. ರೀಬೂಟ್ ಬೇಕಿಲ್ಲ, ಕೋಡ್ ಬರೆಯಬೇಕಿಲ್ಲ. ಈಗ ಗಣಕಪಾಲಕಿಯವರ ಕೋಣೆಯನ್ನು ನೆನೆಯಿರಿ. ಅಲ್ಲಿ ‘ಮುಂದೆ ಕುಳಿತವರು’ ಎಂದರೆ ಅಪರೂಪದ ಕಳ್ಳರಲ್ಲ. ದಿನವೂ ಬರುವ ಎಲ್ಲ ಬಳಕೆದಾರರೂ ಮುಂದೆ ಕುಳಿತವರೇ.

ಗಣಕಪಾಲಕಿ

ಬೀಗಮುದ್ರೆಯವರೇ, ನಾನು ಹುಡುಕುತ್ತಿದ್ದ ಮಾತು ಇದೇ. ನಮ್ಮಲ್ಲಿಗೆ ಬರುವವರಿಗೆ ಖಾತೆ ತೆರೆದುಕೊಡುವಾಗ ‘ಇದು ನಿಮ್ಮದು, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ’ ಎಂದು ನಾನೇ ಹೇಳುತ್ತೇನೆ. ಅದನ್ನು ಕೇಳಿದವರು ತಮ್ಮ ಫೈಲ್‌ಗಳು ತಮಗೆ ಮಾತ್ರ ಕಾಣುತ್ತವೆ ಎಂದೇ ತಿಳಿಯುತ್ತಾರೆ. ಹಳೆಯ ಕೀಲಿಯವರು ವ್ಯವಸ್ಥೆ ಮಾತು ಮುರಿದಿಲ್ಲ ಎಂದರು. ಕರ್ನಲ್ ಮುರಿದಿಲ್ಲ, ನಿಜ. ಆದರೆ ನಾನು ಕೊಟ್ಟ ಮಾತು ಮುರಿದಿದೆ. ಆ ಟಿಪ್ಪಣಿಯನ್ನು ಬರೆದವರಿಗೆ ನಾನು ಏನೆಂದು ಹೇಳಲಿ?

ಹಳೆಯ ಕೀಲಿ

ಈ ಮಾತು ನನ್ನನ್ನು ಮುಟ್ಟಿತು. ನನ್ನ ನಿಲುವನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಕೋಡ್‌ನ ಲೋಪವಲ್ಲ ಎಂಬುದನ್ನು ಈಗಲೂ ಬಿಡುವುದಿಲ್ಲ. ಆದರೆ ಪರಸ್ಪರ ಪರಿಚಯವಿಲ್ಲದವರು ಬಳಸುವ ಯಂತ್ರದಲ್ಲಿ ಇದು ಅಪಾಯ, ಅದನ್ನು ಹಾಗೆಯೇ ಬಿಡುವುದು ನಿರ್ವಾಹಕರ ತಪ್ಪಾಗುತ್ತದೆ. ವೆಬ್ ಸರ್ವರ್ ಖಾತೆಯ ಕಣ್ಣಿನಿಂದ ನಾನು ಯೋಚಿಸಿರಲಿಲ್ಲ ಎಂಬುದನ್ನೂ ಒಪ್ಪುತ್ತೇನೆ.

ಬದಲಾಯಿಸುವ ಮುನ್ನ ಒಂದು ಎಚ್ಚರಿಕೆ. ಅನುಮತಿ ಬದಲಿಸುವ ಸಿಎಚ್‌ಮಾಡ್ ಆಜ್ಞೆಯನ್ನು ಹೋಮ್ ಫೋಲ್ಡರಿಗೆ ಮಾತ್ರ ಕೊಡಿ, ಒಳಗಿನ ಎಲ್ಲಕ್ಕೂ ಹರಡುವಂತೆ ಕೊಡಬೇಡಿ. ಒಳಗಿನ ಫೈಲ್‌ಗಳ ಅನುಮತಿಗಳು ಕಲಸಿಹೋದರೆ ಎಸ್‌ಎಸ್‌ಎಚ್ ಕೀಲಿಗಳೂ ಕೆಲಸ ನಿಲ್ಲಿಸುತ್ತವೆ. ಯಾರಾದರೂ ಹೋಮ್ ಫೋಲ್ಡರಿನೊಳಗಿಂದ ವೆಬ್ ಪುಟ ನಡೆಸುತ್ತಿದ್ದರೆ 750 ಮಾಡಿದ ಕೂಡಲೇ ಅದು ನಿಲ್ಲುತ್ತದೆ. ಅಂಥವರಿಗೆ 711 ಕೊಡಬಹುದು, ದಾಟಿಹೋಗಲು ಬಿಡುತ್ತದೆ ಆದರೆ ಪಟ್ಟಿ ತೋರಿಸುವುದಿಲ್ಲ. ಆದರೂ ಹೆಸರು ಗೊತ್ತಿರುವ ಫೈಲನ್ನು ಓದಬಹುದು. ಅದಕ್ಕಿಂತ ವೆಬ್ ಸರ್ವರ್ ಖಾತೆಯೊಂದಕ್ಕೇ ಎಸಿಎಲ್ (ಒಂದೊಂದು ಖಾತೆಗೆ ಬೇರೆಯಾಗಿ ಅನುಮತಿ ಕೊಡುವ ಪಟ್ಟಿ) ಮೂಲಕ ದಾರಿ ಬಿಡುವುದು ಮೇಲು.

ಸಂಕಲಕ

ಗ್ರಬ್‌ಗೆ ಪಾಸ್‌ವರ್ಡ್ ಹಾಕುವುದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ರಿಕವರಿ ಮೋಡ್ ಬಗ್ಗೆ ಹಳೆಯ ಕೀಲಿಯವರು ಹೇಳಿದ್ದು ಸರಿ. ಅಪ್‌ಡೇಟ್‌ಗಳ ಬಗ್ಗೆಯೂ: 2022ರ ಜನವರಿಯಲ್ಲಿ ಹೊರಬಿದ್ದ ಪಿಡಬ್ಲ್ಯೂಎನ್‌ಕಿಟ್ ಎಂಬ ಲೋಪ 2009ರಿಂದಲೂ ಲಿನಕ್ಸ್ ವಿತರಣೆಗಳಲ್ಲಿ ಇತ್ತು, ಯಾವ ಸಾಧಾರಣ ಖಾತೆಯನ್ನಾದರೂ ರೂಟ್ ಮಾಡಿಬಿಡುತ್ತಿತ್ತು. ಅಂಥದ್ದು ಉಳಿದಿದ್ದರೆ 750ರಿಂದ ಏನೂ ಆಗದು.

ಗಣಕಪಾಲಕಿ

ಎಲ್ಲರಿಗೂ ಧನ್ಯವಾದ. ನಡೆದದ್ದನ್ನು ಹೇಳುತ್ತೇನೆ.

ಮೇಲಧಿಕಾರಿಗೆ ಮತ್ತೆ ಬರೆದೆ. ಈ ಸಲ ಲೋಪ ಎಂಬ ಪದವನ್ನೇ ಬಳಸಲಿಲ್ಲ. ‘ಇಲ್ಲಿ ಖಾತೆ ಇರುವ ಯಾರು ಬೇಕಾದರೂ, ಅಡ್ಮಿನ್ ಹಕ್ಕಿಲ್ಲದೆ, ಹಳೆಯ ಖಾತೆಯಿರುವ ಯಾರ ಟಿಪ್ಪಣಿಯನ್ನಾದರೂ ಓದಬಹುದು. ನಿಮ್ಮ ಖಾತೆಯೂ ಅದರಲ್ಲಿ ಸೇರಿದೆ’ ಎಂದು ಬರೆದು, ಅವರ ಹೋಮ್ ಫೋಲ್ಡರಿನ ಅನುಮತಿಯ ಸಾಲನ್ನು ಕೆಳಗೆ ಹಾಕಿದೆ. ಒಳಗಿನ ಯಾವ ಫೈಲನ್ನೂ ತೆರೆಯಲಿಲ್ಲ. ಅರ್ಧ ಗಂಟೆಯಲ್ಲಿ ಒಪ್ಪಿಗೆ ಬಂತು.

ಎಲ್ಲ ಹಳೆಯ ಖಾತೆಗಳನ್ನೂ 750 ಮಾಡಿದೆ. ವೆಬ್ ಪುಟ ಯಾರದೂ ನಿಲ್ಲಲಿಲ್ಲ. ನಿಂತದ್ದು ರಾತ್ರಿಯ ಬ್ಯಾಕಪ್. ಅದು ರೂಟ್ ಆಗಿ ನಡೆಯುತ್ತಿದೆ ಎಂದು ನಾನು ಅಂದುಕೊಂಡಿದ್ದೆ. ಯಾರೋ ಹಿಂದೆ ಒಳ್ಳೆಯ ಉದ್ದೇಶದಿಂದಲೇ ಅದಕ್ಕೆ ಬೇರೆ ಖಾತೆ ಮಾಡಿದ್ದರು, ಇಷ್ಟು ದಿನ ಅದು 755ರ ಸಡಿಲದಲ್ಲಿಯೇ ಎಲ್ಲರ ಫೈಲ್ ಓದಿಕೊಂಡಿತ್ತು. ಮರುದಿನ ಬೆಳಿಗ್ಗೆ ಲಾಗ್ ತೆರೆದರೆ ಅನುಮತಿ ನಿರಾಕರಣೆಯ ಸಾಲುಗಳೇ ತುಂಬಿದ್ದವು. ಆ ಖಾತೆಗೆ ಎಸಿಎಲ್‌ನಲ್ಲಿ ಓದುವ ಹಕ್ಕು ಕೊಟ್ಟು ಸರಿಪಡಿಸಿದೆ.

ಟಿಪ್ಪಣಿಯ ಒಡತಿಗೂ ಹೇಳಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಇಷ್ಟು ದಿನದಲ್ಲಿ ಬೇರೆ ಯಾರಾದರೂ ಓದಿದ್ದಾರೆಯೇ?’ ನನ್ನ ಬಳಿ ಉತ್ತರವಿರಲಿಲ್ಲ. ಫೈಲನ್ನು ಕೊನೆಯ ಸಲ ತೆರೆದ ಸಮಯವನ್ನು ಲಿನಕ್ಸ್ ಪ್ರತಿ ಸಲವೂ ಬರೆದಿಡುವುದಿಲ್ಲ, ಬರೆದಾಗಲೂ ಯಾರು ಎಂದು ಬರೆಯುವುದಿಲ್ಲ. ಓದಿರಬಹುದು ಎಂದೇ ತಿಳಿದು ನಡೆಯೋಣ ಎಂದೆ. ಡೇಟಾಬೇಸಿನ ಪಾಸ್‌ವರ್ಡನ್ನು ಇಬ್ಬರೂ ಕುಳಿತು ಬದಲಾಯಿಸಿದೆವು.

ಹಳೆಯ ಕೀಲಿ

ಒಳ್ಳೆಯ ಕೆಲಸ ಮಾಡಿದ್ದೀರಿ. ಬ್ಯಾಕಪ್ ಹೋಗಿ ಬೀಳುವ ಜಾಗದ ಅನುಮತಿಯನ್ನೂ ಒಮ್ಮೆ ನೋಡಿ. ಎಲ್ಲರ ಫೈಲ್‌ಗಳ ಇನ್ನೊಂದು ಪ್ರತಿ ಅಲ್ಲಿದೆ.

ಗಣಕಪಾಲಕಿ

ಈಗಷ್ಟೇ ನೋಡಿದೆ. ಅದೂ 755. ಸರಿಪಡಿಸುತ್ತಿದ್ದೇನೆ.